ಪುರುಸೊತ್ತು ಸಿಕ್ಕಿದ ಮೇಲೆ

ಪ್ರೌಢಶಾಲೆಯ ಮಕ್ಕಳಿಂದ ಪ್ರಬಂಧ ಬರೆಸುವುದು ಎಷ್ಟು ಬೇಸರದ ಕೆಲಸವೆಂಬುದು ಬರೆಸಿದವರಿಗೇ ಗೊತ್ತು. 'ಗ್ರಂಥಾಲಯದ ಮಹತ್ವ' ಎಂದು ವಿಷಯ ಕೊಟ್ಟರೆ, ಗ್ರಂಥಾಲಯದ ಹೊಸಿಲು ತುಳಿಯದ ಹುಡುಗನೂ ಎರಡು ಪುಟ ತುಂಬಿಸಿ ಕೊಡುತ್ತಾನೆ. ಅದನ್ನು ಓದಿದ ಮೇಷ್ಟರಿಗೆ ಗ್ರಂಥಾಲಯದ ಮೇಲೆಯೇ ವೈರಾಗ್ಯ ಹುಟ್ಟಬೇಕು. ಹೀಗೆ ಬೇಸತ್ತು, ಒಂದು ಮಧ್ಯಾಹ್ನ ಒಂಬತ್ತನೆಯ ತರಗತಿಯ ಹಲಗೆಯ ಮೇಲೆ ಬೇರೊಂದು ವಿಷಯ ಬರೆದೆ. ಅನ್ನ, ಬಟ್ಟೆ, ಮನೆ ಎಲ್ಲವನ್ನೂ ಯಂತ್ರಗಳೇ ಒದಗಿಸಿಕೊಡುವ ಒಂದು ರಾಜ್ಯವಿದೆ; ಅಲ್ಲಿ ಯಾರೂ ದುಡಿಯಬೇಕಾಗಿಲ್ಲ; ಅಲ್ಲಿ ನಿನ್ನ ಒಂದು ದಿನವನ್ನು ಹೇಗೆ ಕಳೆಯುತ್ತೀಯೆ?

ಮೂವತ್ತಾರು ಪುಸ್ತಕಗಳು ಮೇಜಿನ ಮೇಲೆ ಬಂದು ಬಿದ್ದುವು. ಹುಡುಗರಲ್ಲಿ ಬಹುಮಂದಿ ಹತ್ತು ಗಂಟೆಯವರೆಗೆ ನಿದ್ದೆ ಮಾಡಿ, ಆಮೇಲೆ ಕ್ರಿಕೆಟ್ ಆಡಿ, ಊಟ ಮಾಡಿ ಮತ್ತೆ ಮಲಗುವವರು. ದಿನವಿಡೀ ಮೊಬೈಲ್ ನೋಡುತ್ತೇನೆಂದು ನಿಸ್ಸಂಕೋಚವಾಗಿ ಬರೆದವರೂ ಉಂಟು. ಒಬ್ಬನು ಸಾಯಂಕಾಲ ನಾಲ್ಕು ಗಂಟೆಯವರೆಗಿನ ಕಾರ್ಯಕ್ರಮವನ್ನು ಬಲು ಉತ್ಸಾಹದಿಂದ ಬರೆದು, ಅಲ್ಲಿಗೆ ನಿಲ್ಲಿಸಿ, 'ಆಮೇಲೆ ಗೊತ್ತಾಗುತ್ತಿಲ್ಲ ಸಾರ್' ಎಂದು ಮುಗಿಸಿದ್ದನು. ಎಲ್ಲಕ್ಕಿಂತ ಚಿಕ್ಕ ಪ್ರಬಂಧ ಒಬ್ಬ ಹುಡುಗಿಯದು. 'ಈ ಯಂತ್ರ ನಮ್ಮಮ್ಮನ ಕೆಲಸವನ್ನೂ ಮಾಡುತ್ತದೆಯೆ? ಮಾಡುವುದಾದರೆ ಅಮ್ಮನೂ ನಾನೂ ಮಧ್ಯಾಹ್ನ ಮಾತಾಡುತ್ತ ಕೂತಿರುತ್ತೇವೆ. ಇಲ್ಲದಿದ್ದರೆ ಈಗಿನ ಹಾಗೆಯೇ.' ಇದಕ್ಕೆ ಎಷ್ಟು ಅಂಕ ಕೊಡಬೇಕೆಂದು ತೋಚದೆ ಆ ಪುಸ್ತಕವನ್ನು ಮನೆಗೆ ತಂದೆ.

ಇದೇನು, ಮಕ್ಕಳಾಟಿಕೆಯ ವಿಷಯ ಎಂದು ನೀವು ಹೇಳಬಹುದು. ಹಾಗೇನೂ ಅಲ್ಲ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜಾನ್ ಮೇನಾರ್ಡ್ ಕೇನ್ಸ್ 1930ರಲ್ಲಿ, ಜಗತ್ತೆಲ್ಲ ಆರ್ಥಿಕ ಮುಗ್ಗಟ್ಟಿನಲ್ಲಿ ತೊಳಲುತ್ತಿದ್ದಾಗ, ಇನ್ನು ನೂರು ವರ್ಷಕ್ಕೆ ಮೊಮ್ಮಕ್ಕಳ ಕಾಲ ಹೇಗಿರುತ್ತದೆಂದು ಒಂದು ಪ್ರಬಂಧ ಬರೆದನು. ಆಗ ಮನುಷ್ಯನು ದಿನಕ್ಕೆ ಮೂರು ಗಂಟೆ, ವಾರಕ್ಕೆ ಹದಿನೈದು ಗಂಟೆ ದುಡಿದರೆ ಸಾಕಾದೀತೆಂದು ಅವನ ಲೆಕ್ಕ. ಅವನಿಗೆ ಚಿಂತೆ ಹತ್ತಿದ್ದು, ಮಿಕ್ಕ ಹೊತ್ತನ್ನು ಅವರು ಏನು ಮಾಡಿಯಾರು ಎಂದು. ಅವನು ಹೇಳಿದ ಗಡುವಿಗೆ ಈಗ ಕೆಲವೇ ವರ್ಷಗಳು ಬಾಕಿ. ಹದಿನೈದು ಗಂಟೆಯ ವಾರ ನನಗಂತೂ ಕಣ್ಣಿಗೆ ಬಿದ್ದಿಲ್ಲ, ನಿಮಗೆ ಬಿದ್ದಿದ್ದರೆ ಸಂತೋಷ. ಆದರೆ ಪತ್ರ ಬರೆಯುವ, ಚಿತ್ರ ಬಿಡಿಸುವ, ಲೆಕ್ಕ ಬಿಡಿಸುವ ಯಂತ್ರಗಳು ಬಂದಿವೆ. ನನ್ನ ಶಿಷ್ಯರು ಪ್ರಬಂಧವನ್ನೂ ಅವುಗಳಿಂದ ಬರೆಸಿ ತರಲು ತೊಡಗಿದ್ದಾರೆ. ಪ್ರಶ್ನೆ ಮತ್ತೆ ಬಾಗಿಲಿಗೆ ಬಂದು ನಿಂತಿದೆ.

ಕನ್ನಡ ಪಂಡಿತನಿಗೆ ಯಾವ ವಿಷಯ ಕೊಟ್ಟರೂ ಶಬ್ದದಿಂದಲೇ ಆರಂಭಿಸುವ ದುರಭ್ಯಾಸ, ಕ್ಷಮಿಸಬೇಕು. ಪುರುಸೊತ್ತು ಎಂಬ ಮಾತು ಎಷ್ಟು ನಮ್ಮದಾಗಿ ಕೇಳಿದರೂ, 'ಫುರ್ಸತ್' ಎಂದು ಹೊರಗಿನಿಂದ ಬಂದದ್ದು. ರಜಾ ಎಂಬುದೂ ಹಾಗೆಯೇ; ಅದರ ಮೂಲಾರ್ಥ ಒಪ್ಪಿಗೆ, ಅಪ್ಪಣೆ. ಒಡೆಯನು ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ. ವಿರಾಮ ಸಂಸ್ಕೃತದ್ದು. ಅಚ್ಚಗನ್ನಡದ ಮಾತು ಬಿಡುವು. ಹಿಡಿದದ್ದನ್ನು ಬಿಟ್ಟರೆ ಬಿಡುವು. ಏನನ್ನೂ ಹಿಡಿಯದವನಿಗೆ ಬಿಡುವುದಾದರೂ ಏನು?

ಇದು ಬರಿಯ ಶಬ್ದಚಮತ್ಕಾರವಲ್ಲ. ಆಸ್ಟ್ರಿಯಾ ದೇಶದಲ್ಲಿ, ವಿಯೆನ್ನಾ ನಗರಕ್ಕೆ ಹತ್ತಿರದಲ್ಲಿ, ಮರೀನ್‌ತಾಲ್ ಎಂಬ ಒಂದು ಊರು. ಸುಮಾರು ಒಂದೂವರೆ ಸಾವಿರ ಜನ. ಊರಿಗೆಲ್ಲ ಅನ್ನ ಕೊಡುತ್ತಿದ್ದುದು ಒಂದೇ ಬಟ್ಟೆಯ ಗಿರಣಿ. 1930ರ ಹೊತ್ತಿಗೆ ಅದು ಮುಚ್ಚಿಹೋಯಿತು. ಮರಿ ಯಾಹೋಡಾ ಎಂಬ ತರುಣಿಯೂ ಪೌಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ತ್ಸೈಸೆಲ್ ಎಂಬುವರೂ ಸಂಗಡಿಗರೊಡನೆ ಅಲ್ಲಿಗೆ ಹೋಗಿ, ಕೆಲಸವಿಲ್ಲದ ಜನ ದಿನವನ್ನು ಹೇಗೆ ಕಳೆಯುತ್ತಾರೆಂದು ನೋಡಿ ಬರೆದುಕೊಂಡರು. ಅವರ ಪುಸ್ತಕ 1933ರಲ್ಲಿ ಹೊರಬಂದಿತು. ಶಾಲೆಯ ಮಕ್ಕಳಿಂದ ಅವರೂ ಪ್ರಬಂಧ ಬರೆಸಿದ್ದರೆಂಬುದು ನನ್ನಂಥವನಿಗೆ ಸಮಾಧಾನ.

ಅವರು ಕಂಡದ್ದೇನು? ಆ ಊರಿನಲ್ಲಿ ಒಂದು ಒಳ್ಳೆಯ ಪುಸ್ತಕ ಭಂಡಾರವಿದ್ದಿತು. ಈಗ ಜನರಿಗೆ ಬೇಕಾದಷ್ಟು ಹೊತ್ತು; ಪುಸ್ತಕ ಒಯ್ಯಲು ಹಿಂದೆ ಇದ್ದ ಶುಲ್ಕವನ್ನೂ ತೆಗೆದುಹಾಕಿದ್ದರು. ಓದು ಹೆಚ್ಚಿರಬೇಕಲ್ಲವೆ? ಎರಡೇ ವರ್ಷದಲ್ಲಿ ಒಯ್ಯುವ ಪುಸ್ತಕಗಳ ಸಂಖ್ಯೆ ಸುಮಾರು ಅರ್ಧಕ್ಕೆ ಇಳಿದಿತ್ತು. ಬೀದಿಯಲ್ಲಿ ಹೋಗಿಬರುವವರ ನಡಿಗೆಯನ್ನು ಗಡಿಯಾರ ಹಿಡಿದು ಅಳೆದರು. ಗಂಡಸರು ಹೆಂಗಸರಿಗಿಂತ ನಿಧಾನವಾಗಿ ನಡೆಯುತ್ತಿದ್ದರು, ನಡುನಡುವೆ ನಿಂತುಬಿಡುತ್ತಿದ್ದರು. ಬಹುಮಂದಿ ಗಂಡಸರು ಕೈಗಡಿಯಾರ ಕಟ್ಟುವುದನ್ನೇ ಬಿಟ್ಟಿದ್ದರು. ಬೆಳಗಿನಿಂದ ರಾತ್ರಿಯವರೆಗೆ ಏನು ಮಾಡಿದಿರೆಂದು ಕೇಳಿದರೆ, ಎದ್ದದ್ದು, ಉಂಡದ್ದು, ಮಲಗಿದ್ದು ಹೊರತು ನಡುವಿನ ಗಂಟೆಗಳು ಎಲ್ಲಿ ಹೋದುವೆಂದು ಹೇಳಲಾರದವರಾಗಿದ್ದರು. ಹೆಂಗಸರ ಮಾತು ಬೇರೆ. ಗಿರಣಿ ಮುಚ್ಚಿದರೂ ಒಲೆ ಮುಚ್ಚಿರಲಿಲ್ಲ. ಹರಿದ ಬಟ್ಟೆಗೆ ತೇಪೆ ಹಾಕಬೇಕು, ಇದ್ದುದರಲ್ಲಿ ಅಡಿಗೆ ಸಾಗಿಸಬೇಕು. ಅವರಿಗೆ ದಿನ ಸಾಲುತ್ತಿರಲಿಲ್ಲ.

ಇದಕ್ಕೆ ನೀವು ಆಕ್ಷೇಪ ಎತ್ತಬಹುದು, ಎತ್ತಬೇಕು ಕೂಡ. ಆ ಜನಕ್ಕೆ ಕೆಲಸದೊಡನೆ ಕೂಲಿಯೂ ಹೋಗಿತ್ತು. ಸಿಕ್ಕುತ್ತಿದ್ದುದು ಅಲ್ಪ ಪರಿಹಾರ, ಅದಕ್ಕೂ ಗಡುವು. ಹಸಿದವನ ಪುರುಸೊತ್ತನ್ನು ಪುರುಸೊತ್ತೆನ್ನುವುದು ಹೇಗೆ? ಒಪ್ಪಿದೆ. ಅನ್ನಕ್ಕೆ ತೊಂದರೆಯಿಲ್ಲದೆ, ಕೆಲಸ ಮಾತ್ರ ನಿಂತವರ ಮಾತು ಬೇಕು. ಅಂಥ ಒಬ್ಬನನ್ನು ನಾನು ಬಲ್ಲೆ. ದಿನವೂ ಕ್ಷೌರ ಮಾಡುವಾಗ ಕನ್ನಡಿಯಲ್ಲಿ ಕಾಣುತ್ತಾನೆ.

2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡದ್ದು ನಿಮಗೆ ನೆನಪಿದೆ. ಕೂಲಿಯವರೂ ಬೀದಿ ವ್ಯಾಪಾರದವರೂ ಪಟ್ಟ ಪಾಡು ಹೇಳತೀರದು. ಅವರದು ಮರೀನ್‌ತಾಲಿನ ಕಥೆಗಿಂತಲೂ ಕಠಿಣ. ಆದರೆ ನನಗೆ ಸಂಬಳ ತಪ್ಪದೆ ಬಂದಿತು. ಶಾಲೆಯಿಲ್ಲ, ಮಾರ್ಚ್ ಕೊನೆಗೆ ನಡೆಯಬೇಕಾಗಿದ್ದ ಎಸ್ಸೆಸ್ಸೆಲ್ಸಿ ಪರೀಕ್ಷೆಯೂ ಮುಂದೆ ಹೋಗಿತ್ತು. ಕುಮಾರವ್ಯಾಸ ಭಾರತದಲ್ಲಿ ಬರುವ ಅಪರೂಪದ ಮಾತುಗಳನ್ನು ನಾನು ಇಪ್ಪತ್ತು ವರ್ಷದಿಂದ ಚೀಟಿಗಳ ಮೇಲೆ ಬರೆದು ಒಂದು ಬಿಸ್ಕತ್ತಿನ ಡಬ್ಬದಲ್ಲಿ ಕೂಡಿಹಾಕುತ್ತ ಬಂದಿದ್ದೇನೆ. ಅವನ್ನು ಅಕಾರಾದಿಯಾಗಿ ಜೋಡಿಸಿ ಒಂದು ಕೋಶ ಮಾಡಬೇಕೆಂಬ ಆಸೆ, ಪುರುಸೊತ್ತಿಲ್ಲವೆಂಬ ನೆವ. ಈಗ ನೆವ ಹೋಯಿತು. ಡಬ್ಬವನ್ನು ಇಳಿಸಿ ಮೇಜಿನ ಮೇಲೆ ಇಟ್ಟುಕೊಂಡೆ.

ಒಂದು ತಿಂಗಳಲ್ಲಿ ಜೋಡಿಸಿದ್ದು ಹನ್ನೊಂದು ಚೀಟಿ. ಮಿಕ್ಕ ಹೊತ್ತು ಟೀವಿಯಲ್ಲಿ ರೋಗಿಗಳ ಎಣಿಕೆ ನೋಡಿದೆ, ಫೋನಿನಲ್ಲಿ ಬಂದದ್ದನ್ನು ಓದಿದೆ, ಅದನ್ನೇ ಇನ್ನೊಬ್ಬರಿಗೆ ಕಳುಹಿಸಿದೆ, ಮಧ್ಯಾಹ್ನ ನಿದ್ದೆ ಮಾಡಿ ರಾತ್ರಿ ನಿದ್ದೆ ಬಾರದೆ ಹೊರಳಿದೆ. ವಾರ ಯಾವುದೆಂದು ತಿಳಿಯಲು ಪಂಚಾಂಗ ನೋಡಬೇಕಾಗುತ್ತಿತ್ತು. ಅತ್ತ ನನ್ನಾಕೆಗೆ ಮುಸುರೆಗೆ ಬರುತ್ತಿದ್ದವಳೂ ಇಲ್ಲ. ಬೆಂಗಳೂರಿನಿಂದ ಬಂದ ಮಗನು ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು ದಿನಕ್ಕೆ ಐದು ಸಲ ಕಾಫಿ ಕೇಳುತ್ತಿದ್ದನು. ಒಂದು ದಿನ ಆಕೆ ಮೇಜಿನ ಬಳಿ ಬಂದು, "ಏನೂಂದ್ರೆ, ಆ ಡಬ್ಬ ಹೇಗೂ ಸುಮ್ಮನಿದೆ. ಚೀಟಿ ತೆಗೆದು ಸಾಸಿವೆ ತುಂಬಿಡಲೆ?" ಎಂದಳು. ನಾನು ನಕ್ಕೆ. ಆಕೆ ನಗಲಿಲ್ಲ.

ಈಗ ಆ ಹುಡುಗಿಯ ಪ್ರಬಂಧಕ್ಕೆ ಬನ್ನಿ. 2019ರಲ್ಲಿ ಭಾರತ ಸರ್ಕಾರದ ಸಾಂಖ್ಯಿಕ ಕಚೇರಿ ಜನ ತಮ್ಮ ಇಪ್ಪತ್ತನಾಲ್ಕು ಗಂಟೆಗಳನ್ನು ಹೇಗೆ ಕಳೆಯುತ್ತಾರೆಂದು ದೇಶಾದ್ಯಂತ ವಿಚಾರಿಸಿತು. ಕೂಲಿಯಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು. ಗಂಡಸರು 97 ನಿಮಿಷ. ಅದೂ ಮನೆಗೆಲಸ ಮಾಡುವ ಗಂಡಸರ ಲೆಕ್ಕ, ಮಾಡದವರನ್ನು ಹಿಡಿದಿಲ್ಲ. ಕೆಲಸ ಬೇಡವಾದರೆ ಎಂದು ನಾವು ಗಂಡಸರು ಕನಸು ಕಾಣುವಾಗ ಈ 299 ನಿಮಿಷ ನಮ್ಮ ಲೆಕ್ಕಕ್ಕೇ ಬರುವುದಿಲ್ಲ. ಹಲಗೆಯ ಮೇಲೆ ವಿಷಯ ಬರೆದಾಗ ನನಗೂ ಬಂದಿರಲಿಲ್ಲ. ಮೂವತ್ತಾರು ಮಕ್ಕಳಲ್ಲಿ ಒಬ್ಬಳಿಗೆ ಮಾತ್ರ ಬಂದಿತ್ತು.

ಹಿಂದಿನವರು ಬಿಡುವನ್ನು ಹೇಗೆ ಕಳೆಯುತ್ತಿದ್ದರು? ನಮ್ಮ ಕಡೆ ಹಳ್ಳಿಗಳಲ್ಲಿ ಸೋಮವಾರ ಎತ್ತಿಗೆ ನೊಗ ಕಟ್ಟುತ್ತಿರಲಿಲ್ಲ. ಪಾಠಶಾಲೆಗಳಲ್ಲಿ ಪಾಡ್ಯ, ಅಷ್ಟಮಿ, ಚತುರ್ದಶಿ, ಹುಣ್ಣಿಮೆ, ಅಮಾವಾಸ್ಯೆಗಳು ಅನಧ್ಯಾಯ, ಹೊಸ ಪಾಠವಿಲ್ಲ. ಮಲೆನಾಡಿನಲ್ಲಿ ಮಳೆ ಹಿಡಿದರೆ ಹೊರಗೆ ಹೋಗುವಂತಿಲ್ಲ. ಜಗಲಿಯಲ್ಲಿ ಭಾರತ ಓದಿಸುವರು. ಶಿವಮೊಗ್ಗೆಯ ಬಳಿಯ ಹೊಸಹಳ್ಳಿಯಲ್ಲಿ ಊರಿಗೆ ಊರೇ ಗಮಕದ ಪರಿಚಯ ಉಳ್ಳದ್ದು, ಅಲ್ಲಿಯ ಎಚ್. ಆರ್. ಕೇಶವಮೂರ್ತಿಗಳಿಗೆ 2022ರಲ್ಲಿ ಪದ್ಮಶ್ರೀ ಬಂದಿತು. ಮಳೆ ಬಾರದಿದ್ದರೂ ಓದು ತಪ್ಪದು. ಆಗ ವಿರಾಟಪರ್ವ ಓದಿಸುವ ಪದ್ಧತಿ. ಎಲ್ಲವೂ ಸೊಗಸಾಗಿತ್ತೆಂದು ನಾನು ಹೇಳಹೊರಟಿಲ್ಲ. ಜಗಲಿಯಲ್ಲಿ ಓದು ನಡೆಯುವಾಗ ಒಳಗೆ ಹೊಗೆಯಲ್ಲಿ ರೊಟ್ಟಿ ತಟ್ಟುತ್ತಿದ್ದವರು ಯಾರು ಎಂದು ಆ ಹುಡುಗಿ ಕೇಳಿಯಾಳು. ಆದರೆ ಒಂದನ್ನು ಗಮನಿಸಿ: ಆ ಬಿಡುವಿಗೆ ಗಡುವಿತ್ತು, ಮತ್ತು ಓದುವವನಿಗಾಗಿ ಕಾದು ಕೂತವರಿದ್ದರು.

ಈ ಕಾಯುವವರ ವಿಷಯ ನನಗೆ ತಡವಾಗಿ ತಿಳಿಯಿತು. ಮುಂದೆ ಹೋದ ಪರೀಕ್ಷೆ ಜೂನ್ 25ರಿಂದ ಎಂದು ಗೊತ್ತಾದ ಮೇಲೆ, ಹತ್ತನೆಯ ತರಗತಿಯ ಹುಡುಗನೊಬ್ಬ ದಿನವೂ ರಾತ್ರಿ ಎಂಟು ಗಂಟೆಗೆ ಫೋನು ಮಾಡತೊಡಗಿದನು. "ಸಾರ್, ಬಹುವ್ರೀಹಿ ಸಮಾಸ ಇನ್ನೊಂದು ಸಲ ಹೇಳಿ." ಅರ್ಧ ಗಂಟೆಯ ಮಾತು, ಅಷ್ಟೇ. ಆದರೆ ಎಂಟು ಗಂಟೆಗೆ ಅವನು ಕೇಳುವನೆಂದು ನಾನು ಸಾಯಂಕಾಲ ಪುಸ್ತಕ ತೆರೆದೆ. ಸಾಯಂಕಾಲ ಓದಬೇಕೆಂದು ಮಧ್ಯಾಹ್ನದ ನಿದ್ದೆ ಬಿಟ್ಟೆ. ಬಿಟ್ಟ ಹೊತ್ತಿನಲ್ಲಿ ಡಬ್ಬಕ್ಕೆ ಕೈ ಹಾಕಿದೆ. ಪರೀಕ್ಷೆ ಬರುವಷ್ಟರಲ್ಲಿ 'ಕ'ಕಾರ ಮುಗಿದಿತ್ತು. ನನಗೆ ಬಿಡುವು ದೊರಕಿದ್ದು ಕೆಲಸ ಹೋದಾಗಲ್ಲ, ಅದರ ಒಂದು ತುಣುಕು ಹಿಂದಿರುಗಿದಾಗ.

ಆಯ್ದಕ್ಕಿ ಲಕ್ಕಮ್ಮನ ಕಥೆ ನಿಮಗೆ ಗೊತ್ತು. ಬಸವಣ್ಣನವರ ಮಹಾಮನೆಯಲ್ಲಿ ಬಂದವರಿಗೆಲ್ಲ ಊಟವುಂಟು. ಲಕ್ಕಮ್ಮ ಮಾರಯ್ಯರು ಅಲ್ಲಿಯೇ ಉಂಡು ಸುಮ್ಮನೆ ಇರಬಹುದಾಗಿತ್ತು. ಆದರೂ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುವನು, ಆಕೆ ಅದನ್ನು ಬೇಯಿಸಿ ದಾಸೋಹ ಮಾಡುವಳು. ಒಂದು ದಿನ ಅವನು ಹೆಚ್ಚು ಅಕ್ಕಿ ತಂದನಂತೆ. ಆಕೆ ಹಿಂದಕ್ಕೆ ಹಾಕಿ ಬಾ ಎಂದು ಕಳುಹಿಸಿದಳಂತೆ. ಕಾಯಕದ ಹೊತ್ತು ಮೀರಿತೆಂದು ಗಂಡನನ್ನು ಎಚ್ಚರಿಸಿದವಳೂ ಅವಳೇ. ಹೆಚ್ಚಾದದ್ದು ಬೇಡ, ಕಾಯಕ ತಪ್ಪುವುದೂ ಬೇಡ. ಹೊಟ್ಟೆಗಾಗಿಯೇ ದುಡಿಮೆ ಎಂದು ತಿಳಿದವನಿಗೆ ಇದು ಒಗಟು. ಅವರ ಮನೆಯಲ್ಲಿಯೂ ಉಣ್ಣಲು ಬರುವವರು ಇದ್ದರು ಎಂಬುದನ್ನು ನೆನೆದರೆ ನನಗೆ ಒಗಟು ಸ್ವಲ್ಪ ಬಿಡುತ್ತದೆ.

ಇನ್ನೆರಡು ವರ್ಷಕ್ಕೆ ನನಗೆ ಅರವತ್ತು, ನಿವೃತ್ತಿ. ನನಗಿಂತ ಮೊದಲು ನಿವೃತ್ತರಾದ ಸಹೋದ್ಯೋಗಿಯೊಬ್ಬರು, ಪತ್ರಿಕೆ ಕೊಳ್ಳುವ ನೆವದಿಂದ ಬೆಳಿಗ್ಗೆ ಒಂಬತ್ತೂವರೆಗೆ ಸರಿಯಾಗಿ ಶಾಲೆಯ ಗೇಟಿನ ಎದುರು ಬಂದು ನಿಲ್ಲುತ್ತಿದ್ದುದನ್ನು ನೋಡಿದ್ದೇನೆ. ಪ್ರಾರ್ಥನೆಯ ಗಂಟೆ ಹೊಡೆದ ಮೇಲೆ ಹೊರಟುಹೋಗುವರು. ಅದನ್ನು ನೆನೆದು ಕಳೆದ ವರ್ಷದಿಂದ ಮನೆಯಲ್ಲಿ ಶನಿವಾರ ಸಂಜೆ ಭಾರತದ ಓದು ಇಟ್ಟುಕೊಂಡಿದ್ದೇನೆ. ಬೀದಿಯ ಐದಾರು ಮಂದಿ ಬರುತ್ತಾರೆ. ನನ್ನಾಕೆಯೂ ಚಾಪೆಯ ಮೇಲೆ ಬಂದು ಕೂರಬೇಕೆಂಬ ನಿಯಮ ಮಾಡಿದ್ದರಿಂದ ಅಂದಿನ ಉಪ್ಪಿಟ್ಟು ನನ್ನದು. ಮೊದಮೊದಲು ರವೆ ಗಂಟು ಕಟ್ಟುತ್ತಿತ್ತು. ಈಗ ಬಂದವರು ಎರಡನೆಯ ಸಲ ಹಾಕಿಸಿಕೊಳ್ಳುತ್ತಾರೆ. ಆದಿಪರ್ವ, ಸಭಾಪರ್ವ ಮುಗಿದು ಅರಣ್ಯಪರ್ವ ನಡೆದಿದೆ.

ಆ ಹುಡುಗಿಯ ಪುಸ್ತಕದಲ್ಲಿ ಅಂಕ ಹಾಕದೆ, ಕೆಳಗೆ ಒಂದು ಸಾಲು ಬರೆದು ಕೊಟ್ಟೆ: ಯಂತ್ರ ಅಮ್ಮನ ಕೆಲಸವನ್ನೂ ಮಾಡುತ್ತದೆ ಎಂದಿಟ್ಟುಕೊ, ಅವರು ಏನು ಮಾಡುವರೆಂದು ಕೇಳಿಕೊಂಡು ಬಾ. ಮರುದಿನ ಪ್ರಾರ್ಥನೆ ಮುಗಿಯುತ್ತಲೇ ಬಂದು ನಿಂತಳು.

"ಕೇಳಿದೆಯೇನಮ್ಮಾ?"

"ಕೇಳಿದೆ ಸಾರ್. ಮೊದಲು ಒಂದು ವಾರ ನಿದ್ದೆ ಮಾಡ್ತಾರಂತೆ. ಆಮೇಲೆ ಯೋಚನೆ ಮಾಡಿ ಹೇಳ್ತಾರಂತೆ."