ಹತ್ತನೆಯ ತರಗತಿಯ ಆಚೆಗೆ

(ಶತಮಾನೋತ್ಸವದ ಅಂಗವಾಗಿ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟಗಳಿಂದ ಬಂದು ಸೇರಿದ್ದ ತಂದೆತಾಯಂದಿರಿಗೂ ಪ್ರೌಢಶಾಲೆಯ ಮಕ್ಕಳಿಗೂ ಧರ್ಮಕೇಂದ್ರದ ಗುರುಗಳು ನೀಡಿದ ಉಪನ್ಯಾಸ)



ಈ ದೇವಾಲಯಕ್ಕಾಗಿ ದುಡಿದು ದೇವರ ಸನ್ನಿಧಿ ಸೇರಿದ ಹಿರಿಯರನ್ನು ಇಂದಿನ ಬಲಿಪೂಜೆಯಲ್ಲಿ ಕೃತಜ್ಞತೆಯಿಂದ ಸ್ಮರಿಸಿದೆವು. ಕಳೆದ ನೂರು ವರ್ಷಗಳು ಅವರವು. ಮುಂದಿನ ವರ್ಷಗಳು ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುವ ಮಕ್ಕಳವು. ಆದುದರಿಂದ ಒಂದೇ ಮಾತನ್ನು ಹೇಳಬಯಸುತ್ತೇವೆ. ಎಸ್.ಎಸ್.ಎಲ್.ಸಿ. ಮುಗಿಸಿದ ಮಗು ಯಾವ ದಾರಿ ಹಿಡಿಯಬೇಕೆಂಬುದು ಫಲಿತಾಂಶದ ದಿನ ಆತುರದಲ್ಲಿ ತೀರ್ಮಾನವಾಗಬಾರದು. ಮಗು ಒಂಬತ್ತನೆಯ ತರಗತಿಯಲ್ಲಿರುವಾಗಲೇ ಮನೆಯಲ್ಲಿ ಆ ವಿಚಾರ ಆರಂಭವಾಗಬೇಕು. ಅದೂ ಮಗುವಿನ ಮನಸ್ಸನ್ನು ಕೇಳಿ ಆರಂಭವಾಗಬೇಕು.

ನಿಮ್ಮಲ್ಲಿ ಅನೇಕರು ರೇಷ್ಮೆ ಬೆಳೆಯುವವರು. ಹಿಪ್ಪುನೇರಳೆ ಸೊಪ್ಪು ಕೊಯ್ಲಿಗೆ ಬಂದ ದಿನ ಹುಳುವಿಗಾಗಿ ಅಲೆಯುವ ರೈತನುಂಟೆ? ತೋಟ ಕತ್ತರಿಸುವಾಗಲೇ ಲೆಕ್ಕ ಹಾಕಿ ಚಾಕಿ ಹುಳುವಿಗೆ ಹೇಳಿಡುತ್ತೀರಿ. ಹುಳು ನಾಲ್ಕು ಜ್ವರ ದಾಟಿ ಹಣ್ಣಾಗುವವರೆಗೆ ಹಗಲಿರುಳೂ ಕಾಯುತ್ತೀರಿ. ಹಣ್ಣಾಗುವ ಮುನ್ನ ಚಂದ್ರಂಕಿಗೆ ಬಿಡುವುದಿಲ್ಲ. ಹುಳುವಿಗೆ ತೋರುವ ಈ ಮುಂದಾಲೋಚನೆಯನ್ನು ಹೆತ್ತ ಮಗುವಿಗೆ ತೋರಬೇಡವೆ? ಗೋಪುರ ಕಟ್ಟುವವನು ಮೊದಲು ಕುಳಿತು ಖರ್ಚಿನ ಲೆಕ್ಕ ನೋಡಬೇಕೆಂದು ಪ್ರಭು ಯೇಸು ಬೋಧಿಸಿದುದನ್ನು ಸಂತ ಲೂಕರ ಶುಭಸಂದೇಶದ 14ನೆಯ ಅಧ್ಯಾಯದಲ್ಲಿ ಓದುತ್ತೇವೆ.

ಇದನ್ನು ಹೇಳುವ ಮೊದಲು ನಮ್ಮದೇ ಒಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ ಈ ಭಾಗದಲ್ಲಿ ಸೇವೆಯಲ್ಲಿದ್ದಾಗ ತಂದೆಯೊಬ್ಬರು ಮಗನನ್ನು ಕರೆತಂದರು. ಹುಡುಗ ಎಸ್.ಎಸ್.ಎಲ್.ಸಿ.ಯಲ್ಲಿ ಹೇಗೋ ತೇರ್ಗಡೆಯಾಗಿದ್ದ. "ಸ್ವಾಮಿ, ಸೈನ್ಸ್‌ಗೆ ಸೇರಿಸಬೇಕು, ಇಂಜಿನಿಯರ್ ಮಾಡಬೇಕು, ಒಂದು ಶಿಫಾರಸು ಪತ್ರ ಕೊಡಿ" ಎಂದರು. ಕೊಟ್ಟೆವು. ಹುಡುಗ ತಲೆ ತಗ್ಗಿಸಿ ನಿಂತಿದ್ದ. ಕೆಟ್ಟ ಪಂಪ್‌ಸೆಟ್ಟನ್ನು ಬಿಚ್ಚಿ ಜೋಡಿಸುವುದರಲ್ಲಿ ಅವನು ಊರಿಗೇ ಹೆಸರಾಗಿದ್ದನೆಂಬುದು ನಮಗೆ ತಿಳಿದಿತ್ತು. ಆದರೂ "ನಿನಗೇನು ಇಷ್ಟ ಮಗು?" ಎಂಬ ಒಂದು ಮಾತು ನಮ್ಮ ಬಾಯಿಂದ ಬರಲಿಲ್ಲ. ಎರಡು ವರ್ಷದಲ್ಲಿ ಅವನು ಪಿ.ಯು.ಸಿ.ಯಲ್ಲಿ ಅನುತ್ತೀರ್ಣನಾದ. ನಾಚಿಕೆಯಿಂದ ಮತ್ತೆ ಪರೀಕ್ಷೆಗೆ ಕೂರಲಿಲ್ಲ, ದೇವಾಲಯಕ್ಕೂ ಬರಲಿಲ್ಲ. ರೇಷ್ಮೆ ನೂಲು ಬಿಚ್ಚುವ ಕಡೆ ದಿನಗೂಲಿಗೆ ಸೇರಿದನೆಂದು ಕೇಳಿದೆವು. ಬಿಸಿನೀರಿನಲ್ಲಿ ಗೂಡು ಕೆದಕುವ ಕೈಗಳು ಹೇಗಾಗುತ್ತವೆಂಬುದನ್ನು ಶಿಡ್ಲಘಟ್ಟದವರಿಗೆ ನಾವು ಹೇಳಬೇಕಾಗಿಲ್ಲ. ದುಡಿಮೆ ಅವಮಾನವಲ್ಲ, ಆದರೆ ಬೇರೆ ದಾರಿಗಳಿದ್ದುವೆಂದು ಅವನಿಗೆ ಯಾರೂ ಹೇಳಲಿಲ್ಲವಲ್ಲ, ಆ ಕೊರಗು ನಮ್ಮನ್ನು ಬಿಟ್ಟಿಲ್ಲ.

ಆ ದಾರಿಗಳಾದರೂ ಯಾವುವು? ಕೈಚಳಕವಿರುವ ಮಗುವಿಗೆ ಐ.ಟಿ.ಐ. ಇದೆ. ಎರಡು ವರ್ಷದ ಐ.ಟಿ.ಐ. ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ಪ್ರವೇಶ ಪರೀಕ್ಷೆ ಬರೆದು ಇಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ಸೇರಬಹುದು. ಆ ಹುಡುಗನ ತಂದೆಯ ಕನಸಿಗೂ ಈ ಮೆಟ್ಟಿಲಿನಿಂದ ಹಾದಿಯಿತ್ತು. ಪಿ.ಯು.ಸಿ.ಗೆ ಸೇರುವವರು ವಿಷಯಗಳನ್ನು ಆರಿಸುವಾಗ ಎಚ್ಚರವಾಗಿರಬೇಕು. ವಿಜ್ಞಾನ ತೆಗೆದುಕೊಂಡವರು ಮುಂದೆ ವಾಣಿಜ್ಯಕ್ಕೋ ಕಾನೂನಿಗೋ ಹೋಗಬಹುದು; ಗಣಿತ, ಭೌತಶಾಸ್ತ್ರಗಳನ್ನು ಬಿಟ್ಟವರಿಗೆ ಇಂಜಿನಿಯರಿಂಗ್ ಬಾಗಿಲು ತೆರೆಯದು. ಹಾಗೆಂದು ವಿಜ್ಞಾನವೇ ಮೇಲು, ಕಲಾ ವಿಭಾಗ ಕೀಳು ಎಂದು ಭಾವಿಸಬೇಡಿ. ರೈತರ ಮಕ್ಕಳಿಗೆ ಕೃಷಿ ಪದವಿಗಳಲ್ಲಿ ಮೀಸಲು ಸ್ಥಾನಗಳಿವೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆಯೂ ಇದೆ. ನಮ್ಮ ಚಿಂತಾಮಣಿಯಲ್ಲಿಯೇ ಕೃಷಿ ವಿಶ್ವವಿದ್ಯಾನಿಲಯದ ಕಾಲೇಜು ರೇಷ್ಮೆ ಕೃಷಿಯನ್ನು ಕಲಿಸಿದೆ.

ಕೈಕೆಲಸದ ಓದನ್ನು ಕೀಳೆಂದು ಕಾಣುವವರಿಗೆ ಒಂದು ಮಾತು. ಪ್ರಭು ಯೇಸು ನಜರೇತಿನಲ್ಲಿ ಸಾಕುತಂದೆಯ ಬಳಿ ಮರಗೆಲಸ ಕಲಿತವರು. 1955ರಲ್ಲಿ ಜಗದ್ಗುರು ಹನ್ನೆರಡನೆಯ ಪಿಯುಸ್ ಅವರು ಮೇ 1ನ್ನು ಶ್ರಮಜೀವಿ ಸಂತ ಜೋಸೆಫರ ಹಬ್ಬವನ್ನಾಗಿ ನೇಮಿಸಿದರು. ಆ ಹಬ್ಬವನ್ನು ಆಚರಿಸುವ ನಾವೇ ಐ.ಟಿ.ಐ. ಎಂದರೆ ಮುಖ ಸಿಂಡರಿಸುವುದು ಸಲ್ಲದು.

ಬಡತನವೇ ಅಡ್ಡಿ ಎನ್ನುವಿರಾ? ಮುದ್ದೇನಹಳ್ಳಿಯ ಬಾಲಕ ವಿಶ್ವೇಶ್ವರಯ್ಯನವರು ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿ ಓದುತ್ತ 1881ರಲ್ಲಿ ಬಿ.ಎ. ಮುಗಿಸಿದರು, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದ ಬಲದಿಂದ ಪೂನಾಕ್ಕೆ ಹೋಗಿ ಇಂಜಿನಿಯರ್ ಆದರು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡ ಮನೆಯಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಓದಿಗಾಗಿ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಹೋದರು. ಮುಂದೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರು. ವಿಶ್ವಾಸದ ವಿಷಯದಲ್ಲಿ ಅವರ ದಾರಿಯೇ ಬೇರೆ, ನಮ್ಮದೇ ಬೇರೆ. ಆದರೂ ಆ ಛಲಕ್ಕೆ ನಾವು ತಲೆಬಾಗುತ್ತೇವೆ. ಛಲದ ಜೊತೆಗೆ ಆಸರೆಯೂ ಬೇಕೆಂಬುದನ್ನು ಆ ವಿದ್ಯಾರ್ಥಿವೇತನ ನೆನಪಿಸುತ್ತದೆ. ನಮ್ಮ ಮಕ್ಕಳಿಗೆ ಆ ಆಸರೆ ಯಾರು?

ಮೊದಲು ತಂದೆತಾಯಂದಿರು. ಮಕ್ಕಳ ಪ್ರಥಮ ಶಿಕ್ಷಕರು ಅವರೇ ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಘೋಷಿಸಿತು. ಒಂದು ಸಂಜೆ ಜಪಸರದ ನಂತರ ಮಗುವನ್ನು ಬಳಿ ಕೂರಿಸಿಕೊಂಡು ಕೇಳಿ; ಉತ್ತರ ಬರುವವರೆಗೆ ಸುಮ್ಮನಿರಿ. ಹೆಣ್ಣುಮಕ್ಕಳನ್ನೂ ಹಾಗೆಯೇ ಕೇಳಿ. ಗಂಡು ನೋಡುವ ಮಾತನ್ನು ಅವಳ ಓದಿನ ಮಧ್ಯೆ ತರಬೇಡಿ. ಫೇಲಾದ ಮಗುವನ್ನು ಹೀಯಾಳಿಸಬೇಡಿ. ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶ ಈಗಿದೆ.

ಎರಡನೆಯದು ಕಾಗದಪತ್ರ. ಜ್ಞಾನಸ್ನಾನದ ದಾಖಲೆಯಲ್ಲಿ ಅಂತೋಣಿ, ಶಾಲೆಯಲ್ಲಿ ಆಂಟನಿ, ಆಧಾರ್‌ನಲ್ಲಿ ಮತ್ತೊಂದು ಎಂದಾದರೆ ಮಗು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಹತ್ತನೆಯ ತರಗತಿಯ ಅಂಕಪಟ್ಟಿ ಅಚ್ಚಾಗುವ ಮುನ್ನವೇ ಸರಿಪಡಿಸಿ. ಆದಾಯ, ಜಾತಿ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮೊದಲೇ ಪಡೆದಿಡಿ. ವಿದ್ಯಾರ್ಥಿವೇತನದ ನಿಯಮಗಳು ಬದಲಾಗುತ್ತಿರುತ್ತವೆ. ಪ್ರತಿ ವರ್ಷವೂ ವಿಚಾರಿಸಿ.

ಮೂರನೆಯದು ನಾವು, ಅಂದರೆ ಇಡೀ ಧರ್ಮಕೇಂದ್ರ. ನಮ್ಮಲ್ಲಿ ದಾದಿಯರಿದ್ದಾರೆ, ಶಿಕ್ಷಕರಿದ್ದಾರೆ, ವಿದ್ಯುತ್ ಕೆಲಸದವರಿದ್ದಾರೆ. ತಿಂಗಳಿಗೊಂದು ಭಾನುವಾರ ಪೂಜೆಯ ನಂತರ ಒಂದು ಗಂಟೆ ಮಕ್ಕಳೊಡನೆ ಕುಳಿತುಕೊಳ್ಳಿರೆಂದು ಅವರನ್ನು ಬೇಡುತ್ತೇವೆ. ದೇವರ ಕರೆ ಎಂದರೆ ಗುರುಗಳಾಗುವುದು, ಕನ್ಯಾಸ್ತ್ರೀಯಾಗುವುದು ಮಾತ್ರವಲ್ಲ. ಪ್ರಾಮಾಣಿಕ ದುಡಿಮೆಯೂ ಸಂಸಾರವೂ ಕರೆಗಳೇ.

ಕೊನೆಯದಾಗಿ, ಆ ಹುಡುಗನ ವಿಷಯ. ನಾವು ಈ ಧರ್ಮಕೇಂದ್ರಕ್ಕೆ ಮರಳಿ ಬಂದ ಮೇಲೆ ಒಂದು ಸಂಜೆ ಅವನು ಗುರುನಿವಾಸದ ಬಾಗಿಲಿಗೆ ಬಂದ. ತಲೆ ನರೆಯತೊಡಗಿತ್ತು. ಜೊತೆಯಲ್ಲಿ ಒಂಬತ್ತನೆಯ ತರಗತಿಯ ಮಗಳು. ನಾವು ಕ್ಷಮೆ ಕೇಳಬೇಕೆಂದಿದ್ದೆವು. ಅವನು ಅವಕಾಶ ಕೊಡಲಿಲ್ಲ. "ಸ್ವಾಮಿ, ಇವಳಿಗೇನು ಇಷ್ಟವೋ ಇವಳನ್ನೇ ಕೇಳಿ, ನನ್ನನ್ನು ಕೇಳಬೇಡಿ" ಎಂದು ಮಗಳನ್ನು ಕುರ್ಚಿಯ ಮೇಲೆ ಕೂರಿಸಿ, ತಾನು ಹೊರಗೆ ಜಗಲಿಯಲ್ಲಿ ಕುಳಿತ.

ಪ್ರಿಯರೇ, ನಮ್ಮ ಪ್ರತಿಯೊಬ್ಬ ಮಗುವಿಗೂ ಅಂಥದೊಂದು ಕುರ್ಚಿ ದೊರಕಲಿ. ಸಂತ ಜೋಸೆಫರ ಪ್ರಾರ್ಥನೆಯಿಂದ ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.