ಜಾಮೀನಿಗೊಂದು ಸಹಿ



ನಾನು ಕಾಲುವೆ ಕಾಮಗಾರಿಯಲ್ಲಿದ್ದಾಗ ಕೂಲಿಯವನೊಬ್ಬನ ಮೇಲೆ ಸಿಮೆಂಟ್ ಕದ್ದ ಆರೋಪ ಬಂತು. ನ್ಯಾಯಾಲಯ ಜಾಮೀನು ಕೊಟ್ಟಿತು. ಆದರೆ ಪಹಣಿ ಹಿಡಿದು ಜಾಮೀನು ನಿಲ್ಲುವವರು ಸಿಗಲಿಲ್ಲ. ಅವನ ಹೆಂಡತಿ ನನ್ನ ಬಳಿ ಬಂದಳು. ನಮಗೆ ಹೊಲವಿತ್ತು. ಕೋರ್ಟಿನ ಗೊಡವೆ ಬೇಡವೆಂದು ನಾನು ಸಹಿ ಹಾಕಲಿಲ್ಲ. ಐದು ತಿಂಗಳಾದ ಮೇಲೆ ಮಾನವ ಹಕ್ಕುಗಳ ಕೆಲಸ ಮಾಡುವ ವಕೀಲರೊಬ್ಬರು ಫೀಸಿಲ್ಲದೆ ಅವನನ್ನು ಬಿಡಿಸಿದರು. ಅಂಥವರನ್ನು ಕಚೇರಿಯಲ್ಲಿ ‘ಕಳ್ಳರ ಪರ’ ಎನ್ನುತ್ತಿದ್ದರು. ನಾನೂ ಅಂದಿದ್ದೇನೆ.

ನಮ್ಮ ದೇಶದ ಸೆರೆಮನೆಗಳಲ್ಲಿ ನಾಲ್ವರಲ್ಲಿ ಸುಮಾರು ಮೂವರು ಅಪರಾಧ ಸಾಬೀತಾಗದ ವಿಚಾರಣಾಧೀನರು. ಜಾರ್ಖಂಡಿನ ಇಂಥ ಆದಿವಾಸಿ ಯುವಕರಿಗಾಗಿ ಹೈಕೋರ್ಟಿಗೆ ಹೋದವರು, ಹಿಂದೆ ಬೆಂಗಳೂರಿನಲ್ಲೂ ದುಡಿದಿದ್ದ ಫಾದರ್ ಸ್ಟ್ಯಾನ್ ಸ್ವಾಮಿ. 2020ರ ಅಕ್ಟೋಬರಿನಲ್ಲಿ ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಅವರನ್ನೇ ಬಂಧಿಸಿದರು. ಆರೋಪವನ್ನು ಅವರು ಅಲ್ಲಗಳೆದರು. ಪಾರ್ಕಿನ್ಸನ್ ಕಾಯಿಲೆಯಿಂದ ಕೈ ನಡುಗಿ ಲೋಟ ಹಿಡಿಯಲಾಗದ ಅವರು ಒಂದು ಸ್ಟ್ರಾಗಾಗಿ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕಾಯಿತು. 2021ರ ಜುಲೈ 5ರಂದು, 84ರ ವಯಸ್ಸಿನಲ್ಲಿ, ವಿಚಾರಣೆ ಶುರುವಾಗುವ ಮೊದಲೇ ತೀರಿಕೊಂಡರು.

ಕ್ರೈಸ್ತ ಪಾದ್ರಿ, ನಮಗೇನು ಎನ್ನುವವರಿದ್ದಾರೆ. ಎಳೆಹೂಟೆಗೆ ಗುರಿಯಾದ ಹರಳಯ್ಯ, ಮಧುವರಸರನ್ನು ನೆನೆದು ಕಣ್ಣೀರಿಡುತ್ತೇವಲ್ಲ, ಅಂದು ಆಳುವವರಿಗೆ ಅವರೂ ಅಪರಾಧಿಗಳೇ.

ನನ್ನದೊಂದು ಬಿನ್ನಹ. ದಾಸೋಹ ನಿಧಿಯ ಒಂದು ಪಾಲು ಇಂಥ ವಕೀಲರ, ಕಾರ್ಯಕರ್ತರ ಓಡಾಟದ ಖರ್ಚಿಗೆ ಹೋಗಲಿ. ಪಹಣಿ ಇರುವವರು ಜಾಮೀನು ನಿಲ್ಲಲು ಹೆಸರು ಕೊಡಿ. ಆರೋಪಿ ತಪ್ಪಿಸಿಕೊಂಡರೆ ದುಡ್ಡು ನಾವೇ ಕಟ್ಟಬೇಕು, ಅಳುಕು ಸಹಜ. ವಕೀಲರು ವಿಚಾರಿಸಿ ಹೇಳಿದ ಮೇಲೆಯೇ ಸಹಿ ಹಾಕೋಣ. ಮೊದಲು ನನ್ನ ಹೆಸರು ಬರೆದುಕೊಳ್ಳಿ.