ಬೇಸ್‌ಬಾಲ್ ಸ್ಕೋರು ಊರೂರಿಗೆ ತಲುಪಿದ ಬಗೆ



ಸ್ಕೋರು ತಿಳಿಯದೆ ಊಟ ಸೇರದ ಕ್ರಿಕೆಟ್ ಹುಚ್ಚಿನವರು ನಮ್ಮಲ್ಲಿ ಮನೆಗೊಬ್ಬರಿದ್ದಾರೆ. ಅಮೆರಿಕದಲ್ಲಿ ಈ ಹುಚ್ಚು ಬೇಸ್‌ಬಾಲಿನದು. ತಮಾಷೆಯೆಂದರೆ, ಅಲ್ಲಿ ಸ್ಕೋರು ಬರೆಯುವ ಕ್ರಮವನ್ನು ರೂಢಿಗೆ ತಂದದ್ದು ಒಬ್ಬ ಕ್ರಿಕೆಟ್ ವರದಿಗಾರ. ಇಂಗ್ಲೆಂಡಿನಲ್ಲಿ ಹುಟ್ಟಿ ಬಾಲ್ಯದಲ್ಲೇ ಬ್ರೂಕ್ಲಿನ್ ಸೇರಿದ ಹೆನ್ರಿ ಚಾಡ್ವಿಕ್, ಕ್ರಿಕೆಟ್ಟಿನ ಸ್ಕೋರ್‌ಕಾರ್ಡನ್ನೇ ಬೇಸ್‌ಬಾಲಿಗೆ ಒಗ್ಗಿಸಿದ. ಒಬ್ಬೊಬ್ಬ ಆಟಗಾರನಿಗೂ ಒಂದೊಂದು ಸಾಲು; ಆ ಸಾಲಿನಲ್ಲಿ ಅವನ ರನ್, ಹಿಟ್, ಮಾಡಿದ ತಪ್ಪು. 1859ರ ಹೊತ್ತಿಗೆ ಪತ್ರಿಕೆಯಲ್ಲಿ ಬಂದ ಈ ಪಟ್ಟಿಗೆ ಬಾಕ್ಸ್ ಸ್ಕೋರ್ ಎಂದು ಹೆಸರು. ಆಟ ನೋಡದವನೂ ಅದನ್ನು ಓದಿ ಗೆಳೆಯನ ಜೊತೆ ಜಗಳಕ್ಕೆ ನಿಲ್ಲಬಹುದಿತ್ತು.

ಇನ್ನೊಂದು ಪಟ್ಟಿ ತಂಡಗಳ ಸ್ಥಾನದ್ದು. ಮೊದಲ ತಂಡ 60 ಗೆದ್ದು 40 ಸೋತಿದೆ, ಎರಡನೆಯದು 56 ಗೆದ್ದು 43 ಸೋತಿದೆ ಅನ್ನಿ. ಗೆಲುವಿನ ಅಂತರ ನಾಲ್ಕು, ಸೋಲಿನದು ಮೂರು. ಎರಡನ್ನೂ ಕೂಡಿ ಅರ್ಧ ಮಾಡಿದರೆ ಮೂರೂವರೆ. ಎರಡನೆಯ ತಂಡ ಮೂರೂವರೆ ಆಟ ಹಿಂದಿದೆ ಎಂದು ಅಭಿಮಾನಿ ಹೇಳುವುದು ಈ ಲೆಕ್ಕದಿಂದ. ತಂಡಕ್ಕೆ 162 ಪಂದ್ಯಗಳ ಋತುವಿನಲ್ಲಿ ಈ ಅರ್ಧ ಆಟಕ್ಕೂ ಎದೆ ಹೊಡೆದುಕೊಳ್ಳುತ್ತದೆ.

ತಂತಿ ಬಂದಮೇಲೆ ಸುದ್ದಿಗೆ ಕಾಲು ಬಂತು. 1910ರ ದಶಕದಲ್ಲಿ ನ್ಯೂಯಾರ್ಕಿನ ಪತ್ರಿಕಾ ಕಚೇರಿಗಳ ಹೊರಗೆ ದೊಡ್ಡ ಹಲಗೆಗಳನ್ನು ನಿಲ್ಲಿಸುತ್ತಿದ್ದರು. ವರ್ಲ್ಡ್ ಸೀರೀಸ್ ಎಂಬ ಅಂತಿಮ ಸರಣಿಯ ಸಮಯದಲ್ಲಿ ತಂತಿ ಸಂದೇಶ ಬಂದಂತೆಲ್ಲ ಹಲಗೆಯ ಮೇಲಿನ ಚೆಂಡು ಸರಿಯುತ್ತಿತ್ತು. ಬೀದಿ ತುಂಬ ನಿಂತ ಜನ ಅದಕ್ಕೇ ಕೂಗು ಹಾಕುತ್ತಿದ್ದರು.

ನಮ್ಮ ಆಕಾಶವಾಣಿಯ ಬಳಗಕ್ಕೆ ಪ್ರಿಯವಾಗುವ ಮಾತು ಮುಂದಿದೆ. 1921ರ ಆಗಸ್ಟ್ 5ರಂದು ಪಿಟ್ಸ್‌ಬರ್ಗಿನ ಕೆಡಿಕೆಎ ರೇಡಿಯೋ ಕೇಂದ್ರದಿಂದ ಹೆರಾಲ್ಡ್ ಆರ್ಲಿನ್ ಮೊದಲ ಬಾರಿಗೆ ಲೀಗ್ ಪಂದ್ಯವೊಂದನ್ನು ಬಿತ್ತರಿಸಿದರು. ಎಲ್ಲ ಮೈದಾನಕ್ಕೂ ಮೈಕು ಒಯ್ಯಲು ದುಡ್ಡೆಲ್ಲಿಂದ ಬರಬೇಕು? ಹಾಗಾಗಿ ಸ್ಟುಡಿಯೋದಲ್ಲೇ ಕೂತು, ತಂತಿಯಲ್ಲಿ ಬಂದ ಚುಟುಕು ಸಂಕೇತಗಳನ್ನು ಹಿಗ್ಗಿಸಿ ವೀಕ್ಷಕ ವಿವರಣೆ ಕೊಡುವ ಚಾಳಿ ಬೆಳೆಯಿತು. 1930ರ ದಶಕದಲ್ಲಿ ಅಯೋವಾದ ಡಬ್ಲ್ಯೂಎಚ್‌ಒ ಕೇಂದ್ರದಲ್ಲಿ ಈ ಕೆಲಸ ಮಾಡುತ್ತಿದ್ದವರು ಮುಂದೆ ಅಧ್ಯಕ್ಷರಾದ ರೊನಾಲ್ಡ್ ರೇಗನ್. ಒಮ್ಮೆ ನಡುವೆ ತಂತಿ ಸತ್ತಾಗ, ಅದು ಮರಳುವವರೆಗೂ ಬ್ಯಾಟ್ಸ್‌ಮನ್ ಗೆರೆಯಾಚೆ ಫೌಲ್ ಮೇಲೆ ಫೌಲ್ ಹೊಡೆಯುತ್ತಿದ್ದಾನೆಂದು ಹೇಳುತ್ತಲೇ ಹೋದ ಕಥೆಯನ್ನು ಅವರೇ ಮತ್ತೆ ಮತ್ತೆ ಹೇಳಿಕೊಂಡಿದ್ದಾರೆ. ಕೇಳುಗರ ನಂಬಿಕೆಯ ಮೇಲೆ ನಡೆದ ಆಟ ಅದು!

ಆದರೆ ನನಗೆ ಹೆಚ್ಚು ಹಿಡಿಸುವುದು ಸಂಬಳವಿಲ್ಲದೆ ಲೆಕ್ಕ ಬರೆದವರ ಕಥೆ. ಒಂದೊಂದು ಎಸೆತಕ್ಕೂ ಏನಾಯಿತೆಂಬ ವಿವರ ಹೊರಗಿನವರಿಗೆ ಸಿಗುತ್ತಿರಲಿಲ್ಲ. 1984ರಲ್ಲಿ ಬಿಲ್ ಜೇಮ್ಸ್ ಎಂಬ ಲೇಖಕ, ನಾವೇ ಬರೆದಿಡೋಣ ಬನ್ನಿ ಎಂದು ಅಭಿಮಾನಿಗಳನ್ನು ಕರೆದರು. ಊರೂರಿನವರು ತಮ್ಮ ತಮ್ಮ ತಂಡದ ಪಂದ್ಯಗಳನ್ನು ಹಂಚಿಕೊಂಡು ಬರೆದರು. ಅದೇ ಪ್ರಾಜೆಕ್ಟ್ ಸ್ಕೋರ್‌ಶೀಟ್.

ಸ್ಕೋರು ಯಾರ ಸ್ವತ್ತು ಎಂಬ ವ್ಯಾಜ್ಯವೂ ಎದ್ದಿತು, ಅದು ಬ್ಯಾಸ್ಕೆಟ್‌ಬಾಲಿನಲ್ಲಿ. ನಡೆಯುತ್ತಿರುವ ಪಂದ್ಯದ ಅಂಕಗಳನ್ನು ಪೇಜರಿಗೆ ಕಳಿಸುತ್ತಿದ್ದ ಮೊಟೊರೋಲಾ ಕಂಪನಿಯ ಮೇಲೆ ಎನ್‌ಬಿಎ ಲೀಗ್ ದಾವೆ ಹೂಡಿತು. ಟಿವಿ ನೋಡಿ, ರೇಡಿಯೋ ಕೇಳಿ ಅಂಕ ಸಂಗ್ರಹಿಸುವುದು ಕಳವಲ್ಲ, ಅಂಕಗಳು ಬರೀ ಸಂಗತಿಗಳು ಎಂದು 1997ರಲ್ಲಿ ನ್ಯಾಯಾಲಯ ಹೇಳಿತು. ಸರಿಯಾದ ತೀರ್ಪೇ.

ಇನ್ನು ಬೇಸ್‌ಬಾಲಿನ ಹಳೆಯ ಪಂದ್ಯಗಳು. ಡೆಲವೇರ್ ವಿಶ್ವವಿದ್ಯಾಲಯದ ಜೀವಶಾಸ್ತ್ರದ ಪ್ರಾಧ್ಯಾಪಕ ಡೇವಿಡ್ ಸ್ಮಿತ್ 1989ರಲ್ಲಿ ರೆಟ್ರೋಶೀಟ್ ಶುರುಮಾಡಿದರು. ತಂಡಗಳ ಕಡತ, ವರದಿಗಾರರ ನೋಟುಬುಕ್ಕು, ಹಳೆಯ ಪತ್ರಿಕೆ ಎಲ್ಲವನ್ನೂ ಕೆದಕಿ ಸ್ವಯಂಸೇವಕರು ದಾಖಲೆಗಳನ್ನು ಜೋಡಿಸುತ್ತ ಬಂದಿದ್ದಾರೆ. ಅವನ್ನು ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಮಾರಲೂಬಹುದು. ಎಲ್ಲಿಂದ ಬಂತೆಂದು ಒಂದು ಸಾಲು ಕಾಣಿಸಬೇಕು ಎಂಬುದೊಂದೇ ಷರತ್ತು.